ಸೋಲಿನ ನಂತರದ ಆಟ: ರಣಜಿ ಕಣದಲ್ಲಿ ಮೈಸೂರು–ಕರ್ನಾಟಕ ತಂಡದ ಎಂಟು ದಶಕ

ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದರಾಸಿನ ಚೆಪಾಕ್ ಮೈದಾನದಲ್ಲಿ. ಆಡಿದವು ಮದರಾಸು ಮತ್ತು ಮೈಸೂರು ತಂಡಗಳು. ಮೈಸೂರು ಮೊದಲ ಇನಿಂಗ್ಸ್‌ನಲ್ಲಿ 48, ಎರಡನೆಯದರಲ್ಲಿ 59 ರನ್ ಗಳಿಸಿತು. ಮದರಾಸಿನ ಎ. ಜಿ. ರಾಮ್ ಸಿಂಗ್ ಎರಡೂ ಇನಿಂಗ್ಸ್ ಸೇರಿ 11 ವಿಕೆಟ್ ಉರುಳಿಸಿದರು. ಮದರಾಸಿನ ಒಂದೇ ಇನಿಂಗ್ಸ್‌ನ 130 ರನ್ ಮೈಸೂರಿನ ಎರಡು ಇನಿಂಗ್ಸ್‌ಗಳ ಮೊತ್ತಕ್ಕಿಂತ 23 ರನ್ ಹೆಚ್ಚಾಗಿತ್ತು. ಹಲವು ದಿನಗಳ ಲೆಕ್ಕದಲ್ಲಿ ಏರ್ಪಟ್ಟಿದ್ದ ಪಂದ್ಯ ಅದೇ ದಿನ ಸಂಜೆಯೊಳಗೆ ಮುಗಿದುಹೋಯಿತು.

ಹೀಗೆ ಸ್ಪರ್ಧೆಯ ಇತಿಹಾಸದ ಮೊದಲ ಸೋಲನ್ನೇ ಹೊತ್ತುಕೊಂಡ ತಂಡ, 2015ರ ಹೊತ್ತಿಗೆ ಎಂಟು ಸಲ ಚಾಂಪಿಯನ್ ಆಗಿತ್ತು. ಈ 81 ವರ್ಷಗಳಲ್ಲಿ ಅದು 14 ಸಲ ಫೈನಲ್ ತಲುಪಿ ಆರು ಸಲ ಸೋತಿತು. ಆ ಆರು ಸೋಲುಗಳ ಅಂತರವೂ ಸ್ವರೂಪವೂ ಬೇರೆಬೇರೆ. ಕೆಲವು ಇನಿಂಗ್ಸ್‌ಗೂ ಮೀರಿದ ಹೀನಾಯ ಸೋಲುಗಳು. ಒಂದು ಕೇವಲ ಆರು ರನ್‌ಗಳ ಸೋಲು. ಇನ್ನೊಂದು 705 ರನ್ ಹೊಡೆದ ಮೇಲೂ ಬಂದ ಸೋಲು. ಒಂದೊಂದರಿಂದಲೂ ತಂಡ ಹೇಗೆ ಎದ್ದು ಬಂತು, ಅದಕ್ಕೆ ಎಷ್ಟು ಕಾಲ ಹಿಡಿಯಿತು, ಆ ಕಾಲದಲ್ಲಿ ಯಾರು ಏನು ಮಾಡಿದರು ಎಂಬುದನ್ನು ಕ್ರಮವಾಗಿ ನೋಡಿದರೆ ಚೇತರಿಕೆಯ ಒಂದು ಸ್ಪಷ್ಟ ಚಿತ್ರ ಸಿಗುತ್ತದೆ.

ಮೊದಲ ನಾಲ್ಕು ದಶಕ

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಸ್ಥಾಪನೆಯಾದದ್ದು 1933ರಲ್ಲಿ. ಮರುವರ್ಷವೇ ರಣಜಿ ಟ್ರೋಫಿ ಆರಂಭವಾಯಿತು. ತಯಾರಿಗೆ ಸಮಯವಿಲ್ಲದೆ ಕಣಕ್ಕಿಳಿದ ತಂಡ ಅದಾಗಿತ್ತು. ಆದರೂ ಏಳು ವರ್ಷಗಳ ಬಳಿಕ, 1941-42ರಲ್ಲಿ, ಮೈಸೂರು ಮೊದಲ ಬಾರಿಗೆ ಫೈನಲ್ ತಲುಪಿತು. ಎದುರಾಳಿ ಬಾಂಬೆ, ಮೈದಾನ ಅವರದೇ ಬ್ರೇಬೋರ್ನ್. ಮೈಸೂರು ಇನಿಂಗ್ಸ್ ಮತ್ತು 281 ರನ್‌ಗಳಿಂದ ಸೋತಿತು. ಎರಡನೇ ಫೈನಲ್‌ಗೆ ಮತ್ತೆ 18 ವರ್ಷ ಕಾಯಬೇಕಾಯಿತು. 1959-60ರ ಆ ಪಂದ್ಯದಲ್ಲೂ ಅದೇ ಮೈದಾನ, ಅದೇ ಎದುರಾಳಿ. ಈ ಸಲ ಸೋಲಿನ ಅಂತರ ಇನಿಂಗ್ಸ್ ಮತ್ತು 22 ರನ್‌ಗೆ ಇಳಿದಿತ್ತು.

ಆ ಕಾಲದ ಬಾಂಬೆ ತಂಡದ ಬಲವನ್ನು ನೆನೆಯದೆ ಈ ಸೋಲುಗಳನ್ನು ಅಳೆಯುವುದು ತಪ್ಪಾಗುತ್ತದೆ. 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಟ್ರೋಫಿ ಬಾಂಬೆಯ ಪಾಲಾಯಿತು. ಉಳಿದ ತಂಡಗಳು ಎರಡನೇ ಸ್ಥಾನಕ್ಕಾಗಿ ಆಡುತ್ತಿದ್ದವು ಎಂಬ ಭಾವನೆ ದೇಶದ ಕ್ರಿಕೆಟ್ ವಲಯದಲ್ಲಿ ಬಲವಾಗಿ ಬೇರೂರಿತ್ತು. ಇಂಥ ಹೊತ್ತಿನಲ್ಲಿ ಒಂದು ತಂಡ ಗೆಲುವಿನ ಆಸೆಯನ್ನು ಉಳಿಸಿಕೊಳ್ಳಬೇಕಾದರೆ, ಫಲಿತಾಂಶವನ್ನು ಬಿಟ್ಟು ಬೇರೆ ಯಾವುದಾದರೂ ಆಧಾರ ಅದಕ್ಕೆ ಬೇಕು. ಮೈಸೂರಿಗೆ ಆ ಆಧಾರ ಒದಗಿದ್ದು ಬೆಂಗಳೂರಿನ ಕ್ಲಬ್ ಕ್ರಿಕೆಟ್‌ನಿಂದ. ಸಿಟಿ ಕ್ರಿಕೆಟರ್ಸ್, ಬೆಂಗಳೂರು ಯುನೈಟೆಡ್, ಸ್ವಸ್ತಿಕ್ ಯೂನಿಯನ್‌ನಂಥ ಕ್ಲಬ್‌ಗಳು ವರ್ಷವಿಡೀ ಲೀಗ್ ಪಂದ್ಯಗಳನ್ನು ಆಡುತ್ತಿದ್ದವು. ಮ್ಯಾಟಿನ ಪಿಚ್‌ಗಳ ಮೇಲೆ ಚೆಂಡು ಪುಟಿದೇಳುತ್ತಿತ್ತು, ತಿರುಗುತ್ತಿತ್ತು. ಅಲ್ಲಿ ಬೆಳೆದ ಬೌಲರ್ ಚೆಂಡು ತಿರುಗಿಸಲು ಕಲಿತ, ಬ್ಯಾಟ್ಸ್‌ಮನ್ ಮಣಿಕಟ್ಟಿನಿಂದ ಆಡಲು ಕಲಿತ. ರಾಜ್ಯ ತಂಡ ಸೋತ ವರ್ಷದಲ್ಲೂ ಕ್ಲಬ್ ಲೀಗ್ ನಿಲ್ಲಲಿಲ್ಲ.

ವೈಯಕ್ತಿಕ ಹಿನ್ನಡೆಗಳಿಂದ ಬಂದ ಪೀಳಿಗೆ

1960ರ ದಶಕದಲ್ಲಿ ಈ ಕ್ಲಬ್‌ಗಳಿಂದ ಮೇಲೆ ಬಂದ ಮೂವರು ಆಟಗಾರರು ಮೈಸೂರು ತಂಡದ ದಿಕ್ಕನ್ನೇ ಬದಲಿಸಿದರು. ಮೂವರೂ ತಮ್ಮ ಬದುಕಿನಲ್ಲಿ ಅಥವಾ ಆಟದಲ್ಲಿ ದೊಡ್ಡ ಹಿನ್ನಡೆಯೊಂದನ್ನು ದಾಟಿ ಬಂದವರು.

ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರಿಗೆ ಎಳವೆಯಲ್ಲೇ ಪೋಲಿಯೊ ತಗುಲಿ ಬಲಗೈ ಸಣಕಲಾಯಿತು. ಫೀಲ್ಡಿಂಗ್ ಮಾಡುವಾಗ ಅವರು ಚೆಂಡೆಸೆಯುತ್ತಿದ್ದದ್ದು ಎಡಗೈಯಿಂದ. ಬೌಲಿಂಗ್ ಮಾತ್ರ ಬಲಗೈಯಿಂದಲೇ. ತೆಳ್ಳಗಿನ ಆ ಕೈ ಚಾಟಿಯಂತೆ ಬೀಸಿ ಬರುತ್ತಿದ್ದುದರಿಂದ ಲೆಗ್‌ಸ್ಪಿನ್‌ಗೆ ಮಧ್ಯಮ ವೇಗಿಯ ವೇಗ ಸಿಕ್ಕಿತು. ಚೆಂಡು ಯಾವ ಕಡೆ ಹೊರಳುತ್ತದೆ ಎಂದು ಬ್ಯಾಟ್ಸ್‌ಮನ್ ಅಂದಾಜಿಸುವಷ್ಟರಲ್ಲಿ ಅದು ದಾಟಿಹೋಗುತ್ತಿತ್ತು. 1964ರಲ್ಲಿ ಟೆಸ್ಟ್ ಕ್ರಿಕೆಟ್ ಪ್ರವೇಶಿಸಿದ ಅವರು, 1967-68ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಗಾಯಗೊಂಡರು. ಆಮೇಲೆ ಸ್ಕೂಟರ್ ಅಪಘಾತವೂ ಆಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಅವರು ಭಾರತ ತಂಡದಿಂದ ಹೊರಗಿದ್ದರು. ಮರಳಿ ಬಂದದ್ದು 1971ರ ಇಂಗ್ಲೆಂಡ್ ಪ್ರವಾಸಕ್ಕೆ. ಓವಲ್ ಟೆಸ್ಟ್‌ನ ಎರಡನೇ ಇನಿಂಗ್ಸ್‌ನಲ್ಲಿ 38 ರನ್‌ಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು.

ಎರಪಳ್ಳಿ ಪ್ರಸನ್ನ ಅವರ ಹಿನ್ನಡೆ ಬೇರೆ ಬಗೆಯದು. 1962ರ ವೆಸ್ಟ್ ಇಂಡೀಸ್ ಪ್ರವಾಸದ ನಂತರ, ತಂದೆಯ ನಿಧನದಿಂದಾಗಿ, ಅವರು ಓದಿಗೆ ಮೊದಲ ಸ್ಥಾನ ಕೊಡಬೇಕಾಯಿತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿ ಅವರು ಮತ್ತೆ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ. ಸುಮಾರು ಐದು ವರ್ಷಗಳ ಆ ಅಂತರ ಯಾವ ಕ್ರೀಡಾಪಟುವಿಗಾದರೂ ದೊಡ್ಡ ನಷ್ಟವೇ. ಆದರೆ ಮರಳಿ ಬಂದ ಪ್ರಸನ್ನ ಜಗತ್ತಿನ ಅತ್ಯುತ್ತಮ ಆಫ್‌ಸ್ಪಿನ್ನರ್‌ಗಳಲ್ಲಿ ಒಬ್ಬರೆನಿಸಿದರು. ಬ್ಯಾಟ್ಸ್‌ಮನ್‌ನ ಯೋಚನೆಯನ್ನು ಎರಡು ಎಸೆತ ಮುಂಚೆಯೇ ಓದುವ ಬೌಲರ್ ಎಂದು ಅವರೊಡನೆ ಆಡಿದವರು ಅವರನ್ನು ಮೆಚ್ಚಿಕೊಂಡರು.

ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 1967-68ರಲ್ಲಿ ಆಂಧ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದರು. 1969ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದಾಗ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು. ಹಾಗೆ ಮುಗ್ಗರಿಸಿದವರು ಎರಡನೇ ಇನಿಂಗ್ಸ್‌ನಲ್ಲಿ 137 ರನ್ ಗಳಿಸಿದರು. ಒಂದೇ ಪಂದ್ಯದಲ್ಲಿ ಸೊನ್ನೆಯೂ ಶತಕವೂ ಬಂದ ಆ ಚೊಚ್ಚಲ ಆಟ ಇಂದಿಗೂ ಕಿರಿಯ ಆಟಗಾರರಿಗೆ ಹೇಳುವ ಮೊದಲ ಪಾಠ: ಔಟಾದ ಇನಿಂಗ್ಸ್ ಮುಗಿಯಿತು, ಮುಂದಿನದು ಹೊಸದಾಗಿ ಆರಂಭವಾಗುತ್ತದೆ.

1974ರ ಮಾರ್ಚ್

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಹೊಸ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲೇ, ಪ್ರಸನ್ನ ನಾಯಕತ್ವದ ತಂಡ ಸೆಮಿಫೈನಲ್ ತಲುಪಿತು. ಬೆಂಗಳೂರಿನಲ್ಲಿ ನಡೆದ ಆ ಪಂದ್ಯದ ಎದುರಾಳಿ ಬಾಂಬೆ. ಅಜಿತ್ ವಾಡೇಕರ್, ಸುನಿಲ್ ಗಾವಸ್ಕರ್, ಅಶೋಕ್ ಮಂಕಡ್ ಇದ್ದ ತಂಡ.

ವಿಶ್ವನಾಥ್ ಕ್ರೀಸಿಗೆ ಬಂದ ಮೊದಲ ಎಸೆತದಲ್ಲೇ ಅಬ್ದುಲ್ ಇಸ್ಮಾಯಿಲ್ ಅವರ ಚೆಂಡು ಪ್ಯಾಡಿಗೆ ಬಡಿಯಿತು. ಬಾಂಬೆ ಆಟಗಾರರು ಎಲ್‌ಬಿಡಬ್ಲ್ಯುಗಾಗಿ ಒಕ್ಕೊರಲಿನಿಂದ ಕೂಗಿದರು. ಅಂಪೈರ್ ಔಟ್ ಕೊಡಲಿಲ್ಲ. ಆಮೇಲೆ ವಿಶ್ವನಾಥ್ 162 ರನ್ ಗಳಿಸಿದರು. ಬ್ರಿಜೇಶ್ ಪಟೇಲ್ 106 ರನ್ ಸೇರಿಸಿದರು. ಕರ್ನಾಟಕದ ಮೊತ್ತ 385 ಆಯಿತು. ಬಾಂಬೆ ಬ್ಯಾಟಿಂಗ್‌ಗೆ ಇಳಿದಾಗ ಪ್ರಸನ್ನ ಅವರ ಎಸೆತವೊಂದಕ್ಕೆ ಗಾವಸ್ಕರ್ ಬೌಲ್ಡ್ ಆದರು. ಆ ಎಸೆತವನ್ನು ಕಂಡವರು ದಶಕಗಳವರೆಗೆ ಮಾತಾಡಿಕೊಂಡರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ 62ರಲ್ಲಿದ್ದಾಗ ಓಡುವಲ್ಲಿ ಕಾಲು ಜಾರಿ ರನೌಟ್ ಆದರು. ಬಾಂಬೆ 307ಕ್ಕೆ ಮುಗಿಯಿತು. 78 ರನ್‌ಗಳ ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದಲ್ಲಿ ಕರ್ನಾಟಕ ಫೈನಲ್ ಪ್ರವೇಶಿಸಿತು. ಬಾಂಬೆಯ 15 ವರ್ಷಗಳ ಆಳ್ವಿಕೆ ಅಲ್ಲಿಗೆ ನಿಂತಿತು. ಜೈಪುರದ ಫೈನಲ್‌ನಲ್ಲಿ ಕರ್ನಾಟಕ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಚೆಪಾಕ್‌ನ ಆ ಒಂದು ದಿನದ ಸೋಲಿನಿಂದ ಇಲ್ಲಿಗೆ ಸುಮಾರು 40 ವರ್ಷ.

ಈ ಗೆಲುವಿನಲ್ಲಿ ಅದೃಷ್ಟದ ಪಾತ್ರ ಇತ್ತು. ಎಲ್‌ಬಿಡಬ್ಲ್ಯು ತೀರ್ಪು ಹಾಗೂ ವಾಡೇಕರ್ ಜಾರಿದ್ದು ಎರಡೂ ಕರ್ನಾಟಕದ ಕಡೆಗೆ ವಾಲಿದವು. ಆದರೆ ಅದೃಷ್ಟ ಒಲಿದಾಗ ಅದನ್ನು 162 ರನ್ನಾಗಿ ಮಾಡಿಕೊಳ್ಳಬಲ್ಲ ಬ್ಯಾಟ್ಸ್‌ಮನ್ ತಂಡದಲ್ಲಿರಬೇಕು, ಮುನ್ನಡೆ ಕಾಯ್ದುಕೊಳ್ಳಬಲ್ಲ ಇಬ್ಬರು ವಿಶ್ವದರ್ಜೆಯ ಸ್ಪಿನ್ನರ್‌ಗಳು ಇರಬೇಕು. ಹಿಂದಿನ ಎರಡು ಫೈನಲ್ ಸೋಲುಗಳ ಕಾಲದಲ್ಲಿ ಮೈಸೂರಿಗೆ ಈ ಎರಡೂ ಒಟ್ಟಿಗೆ ದೊರೆತಿರಲಿಲ್ಲ.

ಗೆದ್ದವರಿಗೂ ಬರುವ ಸೋಲು

ಒಮ್ಮೆ ಗೆದ್ದ ತಂಡಕ್ಕೆ ಸೋಲು ಇನ್ನಷ್ಟು ಕಷ್ಟ. ಮರುವರ್ಷ, 1974-75ರ ಫೈನಲ್‌ನಲ್ಲಿ, ಬಾಂಬೆ ಏಳು ವಿಕೆಟ್‌ಗಳಿಂದ ಕರ್ನಾಟಕವನ್ನು ಸೋಲಿಸಿ ಟ್ರೋಫಿಯನ್ನು ಹಿಂದಕ್ಕೆ ಪಡೆಯಿತು. ಮೂರು ವರ್ಷಗಳ ನಂತರ, 1977-78ರಲ್ಲಿ, ಮತ್ತೆ ಪ್ರಸನ್ನ ನಾಯಕತ್ವದಲ್ಲಿ ಕರ್ನಾಟಕ ಉತ್ತರ ಪ್ರದೇಶವನ್ನು ಇನಿಂಗ್ಸ್ ಮತ್ತು 193 ರನ್‌ಗಳಿಂದ ಮಣಿಸಿತು. ಆ ಫೈನಲ್‌ನಲ್ಲಿ ವಿಶ್ವನಾಥ್ 247 ರನ್ ಹೊಡೆದರು. ಅದರ ಮರುವರ್ಷವೇ ಬೆಂಗಳೂರಿನ ತವರು ಮೈದಾನದ ಫೈನಲ್‌ನಲ್ಲಿ ದೆಹಲಿಯ ಎದುರು 399 ರನ್‌ಗಳ ಭಾರಿ ಅಂತರದ ಸೋಲು.

ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವ ಸೋಲು 1981-82ರದು. ಸೆಮಿಫೈನಲ್‌ನಲ್ಲಿ ಎಡಗೈ ಸ್ಪಿನ್ನರ್ ರಘುರಾಮ ಭಟ್ ಹ್ಯಾಟ್ರಿಕ್ ಸಹಿತ ಎಂಟು ವಿಕೆಟ್ ಪಡೆದು ಬಾಂಬೆಯನ್ನು ತತ್ತರಿಸುವಂತೆ ಮಾಡಿದ್ದರು. ತಿರುಗುವ ಪಿಚ್ ಮೇಲೆ ಅವರ ಬೌಲಿಂಗ್ ತಡೆಯಲು ಗಾವಸ್ಕರ್ ಎರಡನೇ ಇನಿಂಗ್ಸ್‌ನಲ್ಲಿ ಎಡಗೈಯಿಂದ ಬ್ಯಾಟ್ ಮಾಡಿದ ಘಟನೆ ನಡೆದದ್ದು ಇದೇ ಪಂದ್ಯದಲ್ಲಿ. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೊದಲು ಬ್ಯಾಟ್ ಮಾಡಿ 705 ರನ್ ಗಳಿಸಿತು. ಬ್ರಿಜೇಶ್ ಪಟೇಲ್, ರೋಜರ್ ಬಿನ್ನಿ, ಸೈಯದ್ ಕಿರ್ಮಾನಿ ಮೂವರೂ ಶತಕ ಹೊಡೆದಿದ್ದರು. ಇಷ್ಟು ಮೊತ್ತದ ಮೇಲೆ ಸೋಲು ಅಸಾಧ್ಯವೆಂದೇ ಎಲ್ಲರೂ ಭಾವಿಸಿದ್ದರು.

ರಣಜಿ ನಿಯಮದಂತೆ, ಎರಡೂ ಇನಿಂಗ್ಸ್ ಪೂರ್ತಿಯಾಗಿ ಮುಗಿಯದ ನಾಕೌಟ್ ಪಂದ್ಯವನ್ನು ಮೊದಲ ಇನಿಂಗ್ಸ್ ಮುನ್ನಡೆ ನಿರ್ಧರಿಸುತ್ತದೆ. ದೆಹಲಿಯ ಮೊಹಿಂದರ್ ಅಮರನಾಥ್ 185, ಗುರುಶರಣ್ ಸಿಂಗ್ 101 ರನ್ ಗಳಿಸಿದರೂ ಎಂಟನೇ ವಿಕೆಟ್ ಬಿದ್ದಾಗ ತಂಡ ನೂರಕ್ಕೂ ಹೆಚ್ಚು ರನ್ ಹಿಂದಿತ್ತು. ಕರ್ನಾಟಕಕ್ಕೆ ಬೇಕಾಗಿದ್ದದ್ದು ಎರಡೇ ವಿಕೆಟ್. ಆಗ ಜೊತೆಯಾದ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಔಟಾಗದೆ ಉಳಿದು ಮೊತ್ತವನ್ನು 8 ವಿಕೆಟ್‌ಗೆ 707ಕ್ಕೆ ಒಯ್ದರು. ಎರಡು ರನ್ ಮುನ್ನಡೆಯಿಂದ ದೆಹಲಿ ಚಾಂಪಿಯನ್ ಆಯಿತು.

ಇಂಥ ಸೋಲಿನಲ್ಲಿ ತಪ್ಪು ಹುಡುಕುವುದು ಕಷ್ಟ. ಬ್ಯಾಟಿಂಗ್ ಕೈಕೊಡಲಿಲ್ಲ, ತಯಾರಿಯೂ ಕಡಿಮೆಯಾಗಿರಲಿಲ್ಲ. ಚೆನ್ನಾಗಿ ಆಡಿಯೂ ಸೋಲಬಹುದು ಎಂಬ ಸತ್ಯವನ್ನು ಒಪ್ಪಿಕೊಂಡು ಮುಂದೆ ಸಾಗುವುದಷ್ಟೇ ಉಳಿದ ದಾರಿ. ಕರ್ನಾಟಕ ಹಾಗೆಯೇ ಮಾಡಿತು. ತಂಡವನ್ನು ಒಡೆಯಲಿಲ್ಲ, ಬುಡಮೇಲು ಬದಲಾವಣೆಗೆ ಹೋಗಲಿಲ್ಲ. ಮರುವರ್ಷ, 1982-83ರಲ್ಲಿ, ಬಾಂಬೆಯ ವಾಂಖೆಡೆ ಕ್ರೀಡಾಂಗಣದಲ್ಲಿ ಬಾಂಬೆಯನ್ನೇ ಎದುರಿಸಿ, ಮೊದಲ ಇನಿಂಗ್ಸ್ ಮುನ್ನಡೆಯ ಅದೇ ನಿಯಮದ ಬಲದಿಂದ ಮೂರನೇ ಬಾರಿಗೆ ಟ್ರೋಫಿ ಎತ್ತಿತು. ಹನ್ನೆರಡು ತಿಂಗಳ ಹಿಂದೆ ಟ್ರೋಫಿ ಕಿತ್ತುಕೊಂಡ ನಿಯಮವೇ ಈಗ ಟ್ರೋಫಿಯನ್ನು ಕೈಗಿತ್ತಿತು.

ಬರಗಾಲ ಮತ್ತು ಹೊಸ ಪೀಳಿಗೆ

ಆ ಗೆಲುವಿನ ನಂತರ 13 ವರ್ಷ ಕರ್ನಾಟಕಕ್ಕೆ ಟ್ರೋಫಿ ಸಿಗಲಿಲ್ಲ. ಫೈನಲ್ ಕೂಡ ಕಾಣಲಿಲ್ಲ. ಮಹಾನ್ ಆಟಗಾರರ ಪೀಳಿಗೆಯೊಂದು ಒಟ್ಟಿಗೆ ನಿವೃತ್ತಿಯಾದಾಗ ಯಾವ ತಂಡಕ್ಕಾದರೂ ಬರುವ ಸ್ಥಿತಿ ಇದು. ಇದರಿಂದ ಹೊರಬರಲು ಒಬ್ಬರ ಛಲ ಸಾಲದು. ಶಾಲೆ, ಕ್ಲಬ್, ವಯೋಮಿತಿ ತಂಡಗಳ ಮಟ್ಟದಲ್ಲಿ ವರ್ಷಗಟ್ಟಲೆ ಕೆಲಸ ನಡೆಯಬೇಕು. ಬೆಂಗಳೂರಿನಲ್ಲಿ ಕೇಕಿ ತಾರಾಪೋರ್ ಅವರಂಥ ತರಬೇತುದಾರರು ಈ ಕೆಲಸವನ್ನು ದಶಕಗಳ ಕಾಲ ಸದ್ದಿಲ್ಲದೆ ಮಾಡಿದರು. ಅವರ ಶಿಬಿರಗಳಲ್ಲಿ ಮೂಲಪಾಠ ಕಲಿತ ಹುಡುಗರಲ್ಲಿ ರಾಹುಲ್ ದ್ರಾವಿಡ್ ಒಬ್ಬರು.

1990ರ ದಶಕದಲ್ಲಿ ಆ ಶ್ರಮದ ಫಲ ಕಾಣಿಸಿತು. ಅನಿಲ್ ಕುಂಬ್ಳೆ 1990ರ ಇಂಗ್ಲೆಂಡ್ ಪ್ರವಾಸದಲ್ಲಿ ಟೆಸ್ಟ್‌ಗೆ ಕಾಲಿಟ್ಟು ಬಳಿಕ ತಂಡದಿಂದ ಹೊರಬಿದ್ದಿದ್ದರು. ದೇಶೀಯ ಕ್ರಿಕೆಟ್‌ಗೆ ಮರಳಿ ಎಂಜಿನಿಯರಿಂಗ್ ಓದನ್ನೂ ಮುಗಿಸಿ, 1992ರ ಇರಾನಿ ಟ್ರೋಫಿಯಲ್ಲಿ 13 ವಿಕೆಟ್ ಪಡೆದು ಅವರು ಮತ್ತೆ ಭಾರತ ತಂಡ ಸೇರಿದರು. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಬೆಳಗಿನ ಜಾವದ ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿಬರುತ್ತಿದ್ದರು. ದ್ರಾವಿಡ್ ರಣಜಿಗೆ ಬಂದ ಮೇಲೆ ಟೆಸ್ಟ್ ಕರೆಗಾಗಿ ಸುಮಾರು ಐದು ವರ್ಷ ರನ್ ಪೇರಿಸುತ್ತ ಕಾದರು. 1995-96ರ ಫೈನಲ್‌ನಲ್ಲಿ ಕುಂಬ್ಳೆ ನಾಯಕತ್ವದ ಕರ್ನಾಟಕ ತಮಿಳುನಾಡನ್ನು ಅವರದೇ ನೆಲವಾದ ಚೆನ್ನೈನಲ್ಲಿ ಮೊದಲ ಇನಿಂಗ್ಸ್ ಮುನ್ನಡೆಯಿಂದ ಮಣಿಸಿತು. ದ್ರಾವಿಡ್ ಆ ಪಂದ್ಯದಲ್ಲಿ 114 ರನ್ ಗಳಿಸಿದರು. ಕೆಲವೇ ತಿಂಗಳಲ್ಲಿ ಅವರಿಗೆ ಟೆಸ್ಟ್ ಕರೆ ಬಂತು.

1996ರ ಅಕ್ಟೋಬರ್ 21ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಇನ್ನೊಂದು ಪಾಠಕ್ಕೆ ಸಾಕ್ಷಿಯಾಯಿತು. ಆಸ್ಟ್ರೇಲಿಯಾ ವಿರುದ್ಧದ ಏಕದಿನ ಪಂದ್ಯದಲ್ಲಿ 216 ರನ್‌ಗಳ ಗುರಿ ಬೆನ್ನಟ್ಟಿದ ಭಾರತ 164ಕ್ಕೆ ಎಂಟು ವಿಕೆಟ್ ಕಳೆದುಕೊಂಡಿತ್ತು. ಸಚಿನ್ ತೆಂಡೂಲ್ಕರ್ ಔಟಾಗಿದ್ದರು. ಜಾವಗಲ್ ಶ್ರೀನಾಥ್ ಮತ್ತು ಕುಂಬ್ಳೆ, ಬೌಲರ್‌ಗಳಿಬ್ಬರು, ಉಳಿದ 52 ರನ್ ಹೊಡೆದು ಪಂದ್ಯ ಗೆಲ್ಲಿಸಿದರು. ಅಷ್ಟೂ ರನ್ನಿನ ಭಾರವನ್ನು ಒಮ್ಮೆಲೇ ತಲೆಗೆ ಹಚ್ಚಿಕೊಳ್ಳದೆ ಓವರಿಗಿಷ್ಟು ಎಂದು ಒಡೆದುಕೊಂಡಾಗ ಕಷ್ಟದ ಗುರಿಯೂ ಕೈಗೆ ಎಟಕುತ್ತದೆ.

1997-98ರಲ್ಲಿ ಉತ್ತರ ಪ್ರದೇಶವನ್ನು ಸೋಲಿಸಿ ಕರ್ನಾಟಕ ಐದನೇ ಸಲ ಗೆದ್ದಿತು. ಮರುವರ್ಷದ ಫೈನಲ್ ಕೂಡ ಬೆಂಗಳೂರಿನಲ್ಲೇ. ಚಂದ್ರಕಾಂತ ಪಂಡಿತ್ ನಾಯಕತ್ವದ ಮಧ್ಯಪ್ರದೇಶ, ಕರ್ನಾಟಕದ 304ಕ್ಕೆ ಉತ್ತರವಾಗಿ 379 ರನ್ ಗಳಿಸಿ ಮುನ್ನಡೆ ಪಡೆದಿತ್ತು. ಡ್ರಾ ಮಾಡಿಕೊಂಡರೂ ಟ್ರೋಫಿ ಅವರದೇ. ಎರಡನೇ ಇನಿಂಗ್ಸ್‌ನಲ್ಲಿ 321 ರನ್ ಗಳಿಸಿದ ಕರ್ನಾಟಕಕ್ಕೆ ಕೊನೆಯ ದಿನ ಹತ್ತೂ ವಿಕೆಟ್ ಬೀಳಿಸದೆ ಬೇರೆ ದಾರಿ ಇರಲಿಲ್ಲ. ಬ್ಯಾಟಿಂಗ್‌ಗೆ ಹೆಸರಾಗಿದ್ದ ವಿಜಯ್ ಭಾರದ್ವಾಜ್ ತಮ್ಮ ಆಫ್‌ಸ್ಪಿನ್‌ನಿಂದ 24 ರನ್‌ಗೆ 6 ವಿಕೆಟ್ ಕಿತ್ತರು. ಮಧ್ಯಪ್ರದೇಶ 150ಕ್ಕೆ ಕುಸಿದು 96 ರನ್‌ಗಳಿಂದ ಸೋತಿತು.

ಈ ಪಂದ್ಯದ ಮುಂದಿನ ಅಧ್ಯಾಯ ಸೋತವರ ಕಡೆಯದು, ಅದನ್ನೂ ಇಲ್ಲಿ ದಾಖಲಿಸುವುದು ನ್ಯಾಯ. ಆ ದಿನ ಸೋತು ಮೈದಾನ ಬಿಟ್ಟ ಪಂಡಿತ್ ಮುಂದೆ ತರಬೇತುದಾರರಾದರು. ಮುಂಬೈ ಮತ್ತು ವಿದರ್ಭ ತಂಡಗಳಿಗೆ ರಣಜಿ ಗೆಲ್ಲಿಸಿಕೊಟ್ಟರು. 2022ರ ಜೂನ್‌ನಲ್ಲಿ, 23 ವರ್ಷಗಳ ಬಳಿಕ, ಅದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರ ತರಬೇತಿಯ ಮಧ್ಯಪ್ರದೇಶ ಮುಂಬೈಯನ್ನು ಆರು ವಿಕೆಟ್‌ಗಳಿಂದ ಸೋಲಿಸಿ ಮೊದಲ ಬಾರಿಗೆ ರಣಜಿ ಚಾಂಪಿಯನ್ ಆಯಿತು.

ಆರು ರನ್ ಮತ್ತು ನಾಲ್ಕು ವರ್ಷ

1999ರ ನಂತರ ಮತ್ತೊಂದು ಬರಗಾಲ. ಕರ್ನಾಟಕ ಮುಂದಿನ ಫೈನಲ್ ಆಡಿದ್ದು 2010ರ ಜನವರಿಯಲ್ಲಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ. ಎದುರಾಳಿ ಮುಂಬೈ. ಮೈಸೂರಿನ ಜನ ಮೈದಾನದ ಸುತ್ತ ಕಿಕ್ಕಿರಿದು ನೆರೆದರು, ಮರಗಳನ್ನೂ ಏರಿ ಕುಳಿತರು. ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಕುಸಿದ ಕರ್ನಾಟಕಕ್ಕೆ ಗೆಲ್ಲಲು 338 ರನ್‌ಗಳ ಗುರಿ ದೊರೆಯಿತು. ಯುವ ಆಟಗಾರ ಮನೀಶ್ ಪಾಂಡೆ 144 ರನ್ ಹೊಡೆದರು, ಗಣೇಶ್ ಸತೀಶ್ 75 ಗಳಿಸಿ ಜೊತೆ ನೀಡಿದರು. ಗೆಲುವು ಕೈಗೆ ಬಂತೆನ್ನುವ ಹೊತ್ತಿಗೆ ವಿಕೆಟ್‌ಗಳು ಸಾಲಾಗಿ ಉರುಳಿದವು. ಅಜಿತ್ ಅಗರ್ಕರ್ ಐದು ವಿಕೆಟ್ ಪಡೆದರು. ಕರ್ನಾಟಕ 331ಕ್ಕೆ ಆಲೌಟ್ ಆಗಿ ಆರು ರನ್‌ಗಳಿಂದ ಸೋತಿತು.

ಈ ಸೋಲಿನ ನಂತರ ನಡೆದದ್ದು ಗಮನಕ್ಕೆ ಯೋಗ್ಯ. ಆ ತಂಡದ ತಿರುಳು ಹಾಗೆಯೇ ಉಳಿಯಿತು. ಆ ಋತುವಿನಲ್ಲಿ 882 ರನ್ ಗಳಿಸಿದ್ದ ಪಾಂಡೆ, ತಮ್ಮ ಮೊದಲ ಋತುವಿನಲ್ಲೇ 47 ವಿಕೆಟ್ ಪಡೆದಿದ್ದ ಅಭಿಮನ್ಯು ಮಿಥುನ್, ದಾವಣಗೆರೆಯ ವೇಗಿ ಆರ್. ವಿನಯ್ ಕುಮಾರ್, ಗಣೇಶ್ ಸತೀಶ್, ರಾಬಿನ್ ಉತ್ತಪ್ಪ ಎಲ್ಲರೂ ಮುಂದುವರಿದರು. ವಯೋಮಿತಿ ತಂಡಗಳಿಂದ ಕೆ. ಎಲ್. ರಾಹುಲ್, ಕರುಣ್ ನಾಯರ್, ಶ್ರೇಯಸ್ ಗೋಪಾಲ್ ಮೇಲೆ ಬಂದರು. 1990ರ ದಶಕದ ಚಾಂಪಿಯನ್ ತಂಡಗಳಲ್ಲಿ ಆಡಿದ್ದ ಜೆ. ಅರುಣ್ ಕುಮಾರ್ ತರಬೇತುದಾರರಾದರು. ವಿನಯ್ ನಾಯಕರಾದರು.

2013-14ರಲ್ಲಿ ಹೈದರಾಬಾದಿನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಸೋಲಿಸಿತು. ಮೈಸೂರಿನ ಸೋಲು ಕಂಡಿದ್ದ ಸತೀಶ್ 117, ಹೊಸಬ ರಾಹುಲ್ 131 ರನ್ ಗಳಿಸಿದರು. ಮರುವರ್ಷದ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ವಿನಯ್ 20 ರನ್‌ಗೆ 6 ವಿಕೆಟ್ ಪಡೆದು ಮುಂಬೈಯನ್ನು 44ಕ್ಕೆ ಕೆಡವಿದರು. ಫೈನಲ್ ನಡೆದದ್ದು ವಾಂಖೆಡೆಯಲ್ಲಿ, ತಮಿಳುನಾಡು ವಿರುದ್ಧ. 84 ರನ್‌ಗೆ ಐದು ವಿಕೆಟ್ ಕಳೆದುಕೊಂಡಿದ್ದ ತಂಡವನ್ನು ನಾಯರ್ ಮತ್ತು ರಾಹುಲ್ 386 ರನ್‌ಗಳ ಜೊತೆಯಾಟದಿಂದ ಎತ್ತಿ ನಿಲ್ಲಿಸಿದರು. ನಾಯರ್ 328, ರಾಹುಲ್ 188, ವಿನಯ್ ಔಟಾಗದೆ 105. ಒಟ್ಟು 762. ಗೆಲುವು ಇನಿಂಗ್ಸ್ ಮತ್ತು 217 ರನ್‌ಗಳಿಂದ. ಈ ಎರಡೂ ಋತುಗಳಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಟ್ರೋಫಿಗಳನ್ನು ಕರ್ನಾಟಕ ಗೆದ್ದುಕೊಂಡಿತು.

ವಾಂಖೆಡೆಯ ಆ ಫೈನಲ್‌ಗೆ ಕೆಲವು ವಾರ ಮೊದಲು ರಾಹುಲ್ ಕೂಡ ವಿಶ್ವನಾಥ್ ಕಂಡಂಥದೇ ಪರೀಕ್ಷೆಯನ್ನು ಎದುರಿಸಿದ್ದರು. 2014ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲಿ ಅವರು ಗಳಿಸಿದ್ದು 3 ಮತ್ತು 1. ಮುಂದಿನ ಪಂದ್ಯದಲ್ಲಿ, ಸಿಡ್ನಿಯಲ್ಲಿ, 110. ತಂಡದ ಆಡಳಿತ ಒಂದು ಸೋಲಿಗೇ ಅವರನ್ನು ಕೈಬಿಡದೆ ಇನ್ನೊಂದು ಅವಕಾಶ ಕೊಟ್ಟದ್ದರಿಂದ ಆ ಶತಕ ಸಾಧ್ಯವಾಯಿತು.

2015ರ ನಂತರ

ಚೇತರಿಕೆ ಒಮ್ಮೆ ಸಾಧಿಸಿದರೆ ಶಾಶ್ವತವಾಗಿ ಉಳಿಯುವ ಆಸ್ತಿ ಅಲ್ಲ. 2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ಕರ್ನಾಟಕ ವಿದರ್ಭದ ಎದುರು ಐದು ರನ್‌ಗಳಿಂದ ಸೋತಿತು. ವಿದರ್ಭದ ತರಬೇತುದಾರ ಆಗ ಚಂದ್ರಕಾಂತ ಪಂಡಿತ್. 2018-19ರಲ್ಲಿ ಸೌರಾಷ್ಟ್ರ, 2019-20ರಲ್ಲಿ ಬಂಗಾಳ, 2022-23ರಲ್ಲಿ ಮತ್ತೆ ಸೌರಾಷ್ಟ್ರ ಕರ್ನಾಟಕವನ್ನು ಸೆಮಿಫೈನಲ್‌ನಲ್ಲೇ ತಡೆದವು.

ಈ ವರ್ಷಗಳಲ್ಲಿ ವ್ಯಕ್ತಿಗಳ ಚೇತರಿಕೆಯ ಎರಡು ಕಥನಗಳು ಎದ್ದುಕಾಣುತ್ತವೆ. 2016ರಲ್ಲಿ ಇಂಗ್ಲೆಂಡ್ ವಿರುದ್ಧ ಚೆನ್ನೈನಲ್ಲಿ ಔಟಾಗದೆ 303 ರನ್ ಗಳಿಸಿದ ಕರುಣ್ ನಾಯರ್, ಮರುವರ್ಷವೇ ಭಾರತ ತಂಡದಲ್ಲಿ ಸ್ಥಾನ ಕಳೆದುಕೊಂಡರು. 2022ರಲ್ಲಿ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. ಕ್ರಿಕೆಟ್ ತನಗೆ ಇನ್ನೊಂದು ಅವಕಾಶ ಕೊಡಲಿ ಎಂದು ಅವರು ಬಹಿರಂಗವಾಗಿಯೇ ಬೇಡಿಕೊಂಡರು. ವಿದರ್ಭಕ್ಕೆ ಹೋದ ಅವರು 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್ ಗಳಿಸಿದರು. ಅದೇ ಋತುವಿನ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135 ರನ್ ಹೊಡೆದು ವಿದರ್ಭಕ್ಕೆ ಟ್ರೋಫಿ ದೊರಕಿಸಿದರು. ಎಂಟು ವರ್ಷಗಳ ನಂತರ, 2025ರ ಇಂಗ್ಲೆಂಡ್ ಪ್ರವಾಸದಲ್ಲಿ, ಮತ್ತೆ ಟೆಸ್ಟ್ ಆಡಿದರು. 2025-26ರಲ್ಲಿ ಕರ್ನಾಟಕ ತಂಡಕ್ಕೂ ಮರಳಿದರು.

ಇನ್ನೊಂದು ಕಥನ ದ್ರಾವಿಡ್ ಅವರದು. 2007ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ಭಾರತ ಗುಂಪು ಹಂತದಲ್ಲೇ ಹೊರಬಿತ್ತು. ನಿವೃತ್ತಿಯ ನಂತರ ಅವರು ಕಿರಿಯರ ತಂಡಕ್ಕೆ ಪಾಠ ಹೇಳಿದರು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯನ್ನು ಮುನ್ನಡೆಸಿದರು. ಭಾರತ ತಂಡದ ತರಬೇತುದಾರರಾಗಿ 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಏಕದಿನ ವಿಶ್ವಕಪ್ ಫೈನಲ್ ಸೋತರು. ಏಳು ತಿಂಗಳ ನಂತರ, 2024ರ ಜೂನ್ 29ರಂದು, ಬಾರ್ಬಡೋಸ್‌ನಲ್ಲಿ ಅವರ ತಂಡ ಟಿ20 ವಿಶ್ವಕಪ್ ಗೆದ್ದಿತು.

ಇತಿಹಾಸ ಹೇಳುವುದೇನು

ಎಂಟು ದಶಕಗಳ ಈ ದಾಖಲೆಯಿಂದ ನಾಲ್ಕು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಸೋಲುಗಳೆಲ್ಲ ಒಂದೇ ಬಗೆಯವಲ್ಲ. 1941-42ರ ಸೋಲಿಗೆ ಕಾರಣ ಶಕ್ತಿಯ ಕೊರತೆ. ಅದಕ್ಕೆ ಮದ್ದು ದಶಕಗಳ ತಯಾರಿ. 1981-82ರ ಸೋಲಿಗೆ ಕಾರಣ ಎದುರಾಳಿಯ ಇಬ್ಬರು ಬ್ಯಾಟ್ಸ್‌ಮನ್‌ಗಳ ಅಸಾಧಾರಣ ಆಟ. ಅದಕ್ಕೆ ಮದ್ದು ಧೃತಿಗೆಡದೆ ಮತ್ತೆ ಆಡುವುದು. ಯಾವ ಸೋಲಿಗೆ ಯಾವ ಮದ್ದು ಎಂದು ಗುರುತಿಸದೆ ತಂಡವನ್ನು ಕದಡಿದರೆ ಇದ್ದ ಬಲವೂ ಕರಗುತ್ತದೆ.

ಎರಡನೆಯದು, ಸೋತವರಿಗೆ ಮತ್ತೆ ಅವಕಾಶ ಸಿಗಬೇಕು. ಸೊನ್ನೆಯ ನಂತರದ ವಿಶ್ವನಾಥ್, 1992ರ ಕುಂಬ್ಳೆ, ಸಿಡ್ನಿಯ ರಾಹುಲ್, ಗಂಗೋತ್ರಿಯಿಂದ ಹೈದರಾಬಾದಿಗೆ ಬಂದ ವಿನಯ್ ಮತ್ತು ಸತೀಶ್ ಎಲ್ಲರೂ ಇದಕ್ಕೆ ಸಾಕ್ಷಿ. ಮೂರನೆಯದು, ಬಿಡುವಿನ ಕಾಲದ ಬಳಕೆ. ಪ್ರಸನ್ನ ಹಾಗೂ ಕುಂಬ್ಳೆ ತಂಡದಿಂದ ಹೊರಗಿದ್ದ ವರ್ಷಗಳಲ್ಲಿ ಪದವಿ ಪಡೆದರು, ಕ್ಲಬ್ ಮತ್ತು ರಾಜ್ಯ ಮಟ್ಟದಲ್ಲಿ ಕೈ ಪಳಗಿಸಿಕೊಂಡರು. ಬದುಕಿಗೆ ಇನ್ನೊಂದು ಆಧಾರವಿದ್ದವರು ಆಟದ ಸೋಲನ್ನು ಗಟ್ಟಿಯಾಗಿ ಎದುರಿಸಿದರು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಚೇತರಿಕೆಗೆ ವ್ಯಕ್ತಿಯ ಛಲದಷ್ಟೇ ಅವನ ಸುತ್ತಲಿನ ವ್ಯವಸ್ಥೆಯೂ ಬೇಕು. ಲೀಗ್ ನಿಲ್ಲಿಸದ ಕ್ಲಬ್, ಫಲಿತಾಂಶಕ್ಕೆ ಆತುರಪಡದ ತರಬೇತುದಾರ, ಒಂದು ಸೋಲಿಗೆ ಆಟಗಾರನನ್ನು ಕೈಬಿಡದ ಆಯ್ಕೆದಾರ, ತಾನು ಕಲಿತದ್ದನ್ನು ಕಿರಿಯರಿಗೆ ಕೊಡುವ ಹಿರಿಯ ಆಟಗಾರ, ಇವರೆಲ್ಲ ಇದ್ದಾಗ ಕರ್ನಾಟಕ ಎದ್ದು ನಿಂತಿದೆ. ಶಾಲೆಯಾಗಲಿ, ಕಚೇರಿಯಾಗಲಿ, ಮನೆಯಾಗಲಿ, ಬಿದ್ದವರು ಮತ್ತೆ ಏಳಬೇಕೆಂದು ಬಯಸುವ ಯಾರೇ ಆದರೂ ಅವರಿಗೆ ಧೈರ್ಯ ಹೇಳುವುದರ ಜೊತೆಗೆ ಮತ್ತೊಂದು ಇನಿಂಗ್ಸ್ ಆಡಲು ಜಾಗವನ್ನೂ ಸಮಯವನ್ನೂ ಕೊಡಬೇಕು.